ಹೆಸರೆತ್ತಬಾರದ ಆಟ

ಟೆಕ್ಸಸ್‌ಗೆ ಹೋಗಿ ಬಂದೆ ಅಂದ ಕೂಡಲೇ ನಮ್ಮ ಮೈಸೂರಿನ ವಾಕಿಂಗ್ ಗೆಳೆಯರು ಕೇಳಿದ್ದು ಕುದುರೆ ಸವಾರರ ಬಗ್ಗೆ, ಆಮೇಲೆ ಬಂದೂಕಿನ ಬಗ್ಗೆ. ಎರಡನ್ನೂ ನೋಡಲಿಲ್ಲ ಅಂದಾಗ ಅವರ ಮುಖ ಸಪ್ಪಗಾಯಿತು. ನಾನು ನೋಡಿದ್ದು ಬೇಸ್‌ಬಾಲ್. ಆಸೆಪಟ್ಟು ನೋಡಿದ್ದಲ್ಲ, ಬೇರೆ ಗತಿಯಿಲ್ಲದೆ ನೋಡಿದ್ದು.

ಅದು 2015ರ ಬೇಸಿಗೆ. ನನ್ನ ಹೆಂಡತಿ ವಿಮಲಾ ತೀರಿಕೊಂಡು ವರ್ಷ ತುಂಬಿತ್ತು. ವರ್ಷಾಬ್ದಿಕ ಮುಗಿದ ಮೇಲೆ ಅವಳ ತಮ್ಮ ರಘು, "ಬನ್ನಿ ಭಾವ, ಒಂದು ತಿಂಗಳು ನಮ್ಮನೇಲಿ ಇದ್ದು ಹೋಗಿ" ಅಂದ. ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಅವನ ಮನೆ. ಅಕ್ಕ ಹೋದಾಗ ಅವನು ಬಂದಿರಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ಅರ್ಧದಲ್ಲಿದೆ, ಈಗ ದೇಶ ಬಿಟ್ಟರೆ ತಿರುಗಿ ಒಳಗೆ ಬಿಟ್ಟುಕೊಳ್ಳುವ ಖಾತ್ರಿಯಿಲ್ಲ ಎಂದು ವಕೀಲರು ಹೇಳಿದ್ದರಂತೆ. "ಬರೋಕೆ ಆಗ್ತಾ ಇಲ್ಲ ಭಾವ" ಎಂದು ಫೋನಿನಲ್ಲಿ ಅಂದಿದ್ದ, ಅಷ್ಟೇ. ಆಮೇಲೆ ಒಂದು ವರ್ಷ ನಾವಿಬ್ಬರೂ ಮಳೆ, ನನ್ನ ಬಿಪಿ, ನೀರಿನ ಮೋಟಾರಿನ ರಿಪೇರಿ ಎಲ್ಲ ಮಾತಾಡಿದೆವು. ವಿಮಲಳ ಮಾತು ಮಾತ್ರ ಅವನ ಬಾಯಲ್ಲಿ ಬರಲಿಲ್ಲ.

ನಾನು ಹೋಗಿದ್ದು ಅದಕ್ಕೇ. ನಮಗೆ ಮಕ್ಕಳಿಲ್ಲ. ಅವಳನ್ನು ನನ್ನಷ್ಟೇ ಬಲ್ಲವನು ಅಂತ ಉಳಿದಿರುವುದು ಅವನೊಬ್ಬನೇ. ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಅವನಿಗೆ ರಬ್ಬರ್ ಚೆಂಡು ಎಸೆದು ಎಸೆದು ಬ್ಯಾಟು ಹಿಡಿಯಲು ಕಲಿಸಿದವಳು ಅವಳು. ಕೊನೆಯ ದಿನಗಳಲ್ಲಿ ಅವಳು ಅವನನ್ನೇ ಕೇಳುತ್ತಿದ್ದಳು. ಅದನ್ನು ಅವನಿಗೆ ಯಾರೂ ಹೇಳಿಲ್ಲ. ನಾನೇ ಹೇಳಬೇಕು. ಹೇಳುವುದು ಪ್ರೀತಿಯಿಂದಲೋ ಅವನಿಗೆ ಚುಚ್ಚಲಿ ಅಂತಲೋ ಎನ್ನುವುದು ವಿಮಾನ ಹತ್ತುವಾಗ ನನಗೇ ಗೊತ್ತಿರಲಿಲ್ಲ. ಕೋಪ ಇತ್ತು, ಸುಳ್ಳೇಕೆ ಹೇಳಲಿ.

ಕ್ಯಾರಲ್ಟನ್

ಬೆಳಿಗ್ಗೆ ರಘುವೂ ಅವನ ಹೆಂಡತಿ ಸವಿತಾಳೂ ಒಂದೊಂದು ಕಾರು ಹತ್ತಿ ಕೆಲಸಕ್ಕೆ ಹೋದರೆಂದರೆ ಆ ಬೀದಿಯಲ್ಲಿ ಉಸಿರಾಡುವ ಪ್ರಾಣಿ ನಾನೊಬ್ಬನೇ. ಒಂದೇ ಅಚ್ಚಿನ ಮನೆಗಳು, ಕತ್ತರಿಸಿದ ಹುಲ್ಲು, ಮುಚ್ಚಿದ ಬಾಗಿಲುಗಳು. ಎರಡನೆಯ ದಿನ ತಡೆಯಲಾರದೆ ವಾಕಿಂಗ್ ಹೊರಟೆ. ನಾಲ್ಕು ತಿರುವು ದಾಟುವುದರೊಳಗೆ ಒಬ್ಬ ಹೆಂಗಸು ಕಾರು ನಿಲ್ಲಿಸಿ, ನಿಮಗೆ ಏನಾದರೂ ಸಹಾಯ ಬೇಕೇ ಅಂದಳು. ಬೇಡಮ್ಮ, ನಡೀತಾ ಇದೀನಿ ಅಂದೆ. ಎಲ್ಲಿಗೆ ಅಂದಳು. ಎಲ್ಲಿಗೂ ಇಲ್ಲ ಅಂದೆ. ಅವಳಿಗೆ ಪೂರ್ತಿ ಗಾಬರಿಯಾಯಿತು. ನಮ್ಮ ಸರಸ್ವತಿಪುರದಲ್ಲಿ ಮನೆಯಿಂದ ಹಾಲಿನ ಬೂತಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಜನರ ಕಾಫಿ ಆಯ್ತೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಅದನ್ನು ಕಿರಿಕಿರಿ ಅಂತ ಬೈದುಕೊಂಡಿದ್ದ ನನ್ನ ಬಾಯಿಗೆ ಮಣ್ಣು ಹಾಕಬೇಕು.

ಸಂಜೆ ಮನೆ ತುಂಬುತ್ತಿತ್ತು, ಆದರೆ ಮಾತು ತುಂಬುತ್ತಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಸವಿತಾ, ಅಲ್ಲಿನ ಏಷ್ಯನ್ ಅಂಗಡಿಯಿಂದ ತಂದ ಫ್ರೀಜರಿನ ಅವರೆಕಾಳಲ್ಲಿ ಹುಳಿ ಮಾಡಿದ್ದಳು. ಚೆನ್ನಾಗಿತ್ತು. "ವಿಮಲಾ ಇದಕ್ಕೆ ಒಂದು ಚೂರು ಗಸಗಸೆ ಹಾಕೋಳು" ಅಂದೆ. ಸವಿತಾ ಮೊಸರು ತರಲು ಎದ್ದಳು. ಮೊಸರು ಮೇಜಿನ ಮೇಲೇ ಇತ್ತು. ರಘು ರಿಮೋಟು ತೆಗೆದು ಟಿವಿಯ ಸದ್ದು ಜಾಸ್ತಿ ಮಾಡಿ, "ಭಾವ, ಈ ಬಾಲ್ ನೋಡಿ, ಹೆಂಗೆ ತಿರುಗುತ್ತೆ" ಅಂದ. ನಾನು ಬಾಲ್ ನೋಡಿದೆ.

ಟಿವಿಯಲ್ಲಿ ಸದಾ ಬೇಸ್‌ಬಾಲ್. ಹನ್ನೆರಡು ವರ್ಷದಿಂದ ಅಲ್ಲಿರುವ ರಘುವಿಗೆ ಕ್ರಿಕೆಟ್ಟಿನ ಹುಚ್ಚೆಲ್ಲ ಈ ಕಡೆ ಹೊರಳಿದೆ. ಆ ರಾಜ್ಯದ ಕನ್ನಡಿಗರಲ್ಲಿ ಅವನಂಥ ಹುಚ್ಚರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಹೆಸರು 'ದಾಂಡಿಗರು'. ಫೋನು ಬೆಳಗಿನಿಂದ ರಾತ್ರಿಯವರೆಗೂ ಟಣ್ ಟಣ್ ಅನ್ನುತ್ತಲೇ ಇರುತ್ತದೆ. ಆ ಬೇಸಿಗೆಯಲ್ಲಿ ಅವರಿಗಿದ್ದದ್ದು ಒಂದೇ ಚಿಂತೆ: ಉದ್ದಪ್ಪನ ಮೊಣಕೈ.

ಉದ್ದಪ್ಪ ಅಂದರೆ ಕೊಡಗಿನವನಲ್ಲ. ರಘುವಿನ ಡಲ್ಲಾಸ್ ತಂಡದ ಒಬ್ಬ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಅದಕ್ಕೆ ಇವರು ಇಟ್ಟ ಹೆಸರು. ಹಿಂದಿನ ವರ್ಷ ಎಸೆಯುತ್ತಿದ್ದ ಹಾಗೇ ಮೊಣಕೈಯೊಳಗಿನ ನರದಂಥದ್ದೊಂದು ಹರಿದು ಹೋಗಿತ್ತು. ಮುಂಗೈಯಿಂದ ಒಂದು ಎಳೆ ತೆಗೆದು ಅಲ್ಲಿ ಹೊಲಿದಿದ್ದರು. ಮೊದಲಿನ ಹಾಗೆ ಎಸೆದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವನ ಮನೆಯವರಿಗಾದರೂ ಇಷ್ಟು ಯೋಚನೆ ಇತ್ತೋ ಇಲ್ಲವೋ.

ಡಲ್ಲಾಸಿನವರ ಮೈದಾನ

ಶನಿವಾರ ರಘು ನನ್ನನ್ನು ಪಂದ್ಯಕ್ಕೆ ಕರೆದುಕೊಂಡು ಹೋದ. ಹ್ಯೂಸ್ಟನ್‌ನಿಂದ ಅವನ ಗೆಳೆಯ ಶಿವಾನಂದನೂ ಬಂದಿದ್ದ. ಹುಬ್ಬಳ್ಳಿಯವನು, ಪೆಟ್ರೋಲ್ ಬಂಕಿನ ಜೊತೆಗಿರುವ ಎರಡು ಅಂಗಡಿಗಳ ಮಾಲೀಕ, ಹ್ಯೂಸ್ಟನ್ ತಂಡದ ಕಟ್ಟಾ ಅಭಿಮಾನಿ. ರಘುವಿನ ತಂಡ ಸೋಲುವುದನ್ನು ಕಣ್ಣಾರೆ ನೋಡಲೆಂದೇ ಅಷ್ಟು ದೂರ ಕಾರು ಓಡಿಸಿಕೊಂಡು ಬರುವ ಆಸಾಮಿ.

ನಾನು ಬ್ಯಾಂಕಿನಲ್ಲಿದ್ದರೂ ಭಾನುವಾರಗಳಲ್ಲಿ ಕ್ಲಬ್ ಪಂದ್ಯಗಳಿಗೆ ಅಂಪೈರ್ ಆಗಿದ್ದವನು. ಬೆರಳೆತ್ತಲು ಜಿಪುಣ ಅಂತ ಬೌಲರುಗಳ ಶಾಪಕ್ಕೆ ಗುರಿಯಾದವನು. ಅಂಥವನ ಕಣ್ಣಿಗೆ ಬೇಸ್‌ಬಾಲ್ ಹೇಗೆ ಕಂಡೀತು? ಎಸೆಯುವವನು ಮೊಣಕೈ ಪೂರ್ತಿ ಮಡಚಿ ಕಲ್ಲು ಬೀಸಿದ ಹಾಗೆ ಬೀಸುತ್ತಾನೆ. ನಮ್ಮಲ್ಲಾದರೆ ಒಂದೊಂದೂ ನೋಬಾಲ್. ಮೊದಲ ಎಸೆತ ಬಿದ್ದದ್ದೇ ತಡ, ನನ್ನ ಬಲಗೈ ತನ್ನಷ್ಟಕ್ಕೇ ಪಕ್ಕಕ್ಕೆ ಚಾಚಿತು. ಚಾಚಿದ ಜಾಗದಲ್ಲಿ ಪಕ್ಕದವನ ನಿಂಬೆ ಶರಬತ್ತಿನ ದೊಡ್ಡ ಲೋಟ ಇತ್ತು. ಪುಣ್ಯಾತ್ಮ, ತೊಡೆಯೆಲ್ಲ ಒದ್ದೆಯಾದರೂ ನಕ್ಕ. ಇದು ನಿಮ್ಮ ಮೊದಲ ಪಂದ್ಯವೇ ಅಂದ. ನಾನು ಹೌದು ಎಂದು ಕ್ಷಮೆ ಕೇಳುವಾಗ ಶಿವಾನಂದ ಬಿದ್ದು ಬಿದ್ದು ನಗುತ್ತಿದ್ದ.

"ನಿಮ್ಮವರು ಉದ್ದಪ್ಪನ್ನ ಎತ್ತಿನಂಗ ದುಡಿಸ್ಯಾರ್ರಿ ರಘು," ಎಂದು ಅವನು ಶುರುಮಾಡಿದ. "ಎಸೀ ಎಸೀ ಅಂತ ಎಸೆಸಿ, ಈಗ ಮೊಣಕೈ ಹರದ ಮ್ಯಾಲ ಕಣ್ಣೀರು ಹಾಕಿದ್ರ ಏನ್ ಬಂತು?"

"ದುಡಿಸಿದ್ದಕ್ಕಲ್ಲ ಸಾರ್, ಅವನ ಆಕ್ಷನ್ನೇ ಹಾಗೆ. ಭುಜಕ್ಕಿಂತ ಮೊದಲು ಮೊಣಕೈ ಮುಂದೆ ಬರುತ್ತೆ," ಅಂದ ರಘು.

"ಹಂಗಾರ ಮಾರಿಬಿಡ್ರಿ. ಹರದ ಮಾಲು ಇಟಗೊಂಡು ಏನ್ ಮಾಡ್ತೀರಿ?"

"ಯಾಕೆ ಮಾರ್ತಾರೆ? ಇನ್ನೂ ಎರಡು ವರ್ಷ ಕಂಟ್ರೋಲ್ ಇದೆ. ವಾಪಸ್ ಬಂದು ಚೆನ್ನಾಗಿ ಎಸೆದ್ರೆ ಪೂರ್ತಿ ಲಾಭ ನಮಗೇ."

ನನಗೆ ತಡೆಯಲಾಗಲಿಲ್ಲ. "ಅವನೇನು ಮನುಷ್ಯನೋ ಮಾರುತಿ ಕಾರೋ?" ಅಂದೆ.

ರಘು ವಿವರಿಸಿದ. ದೊಡ್ಡ ಲೀಗಿಗೆ ಕಾಲಿಟ್ಟ ಆಟಗಾರ ಆರು ವರ್ಷ ಆ ತಂಡದ ಕೈಯೊಳಗೆ. ತಂಡ ಅವನನ್ನು ಬೇರೆಯವರಿಗೆ ಕೊಡಬಹುದು, ಆದರೆ ಅವನಾಗಿ ಬಿಟ್ಟು ಹೋಗುವ ಹಾಗಿಲ್ಲ. ಅದಕ್ಕೆ ಇವರೆಲ್ಲ ಟೀಮ್ ಕಂಟ್ರೋಲ್ ಅನ್ನುತ್ತಾರೆ. "ಗಾಯ ಆಗಿ ಕೂತ ವರ್ಷಾನೂ ಲೆಕ್ಕಕ್ಕೆ ಬರುತ್ತೆ ಭಾವ, ಅದೊಂದು ಪುಣ್ಯ. ಗ್ರೀನ್ ಕಾರ್ಡ್ ಬರೋವರೆಗೂ ನಾವೂ ಕಂಪನಿ ಕೈಯೊಳಗೇ, ಆದ್ರೆ ನಮಗೆ ಇಷ್ಟೇ ವರ್ಷ ಅನ್ನೋ ಲೆಕ್ಕಾನೂ ಇಲ್ಲ," ಎಂದು ನಕ್ಕ. ಶಿವಾನಂದ ನಗಲಿಲ್ಲ. ರಘುವೂ ತಕ್ಷಣ ನಗು ನಿಲ್ಲಿಸಿ, ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟ. ಈಗ ಹೇಳುತ್ತಾನೆ, ಈಗ ಅಕ್ಕನ ಮಾತು ಬರುತ್ತದೆ ಅಂತ ನಾನು ಕಾದೆ. ಎದುರಿನ ತಂಡದವನು ಚೆಂಡನ್ನು ಗ್ಯಾಲರಿಗೆ ಹೊಡೆದ. ರಘು ಎದ್ದು ನಿಂತು ಬೈಯತೊಡಗಿದ.

ನಾನು ಸಿಪ್ಪೆ ಸುಲಿಯುತ್ತಾ ಕೂತೆ. ಅಲ್ಲಿ ಸಿಪ್ಪೆಯನ್ನು ಕಾಲ ಬಳಿಯೇ ಉದುರಿಸುವುದು ವಾಡಿಕೆ. ಅಷ್ಟು ಚೊಕ್ಕಟದ ದೇಶದಲ್ಲಿ ಕಸ ಹಾಕಲು ಅಪ್ಪಣೆ ಇರುವ ಒಂದೇ ಜಾಗ ಅದು ಅನ್ನಿಸಿತು. ಇಬ್ಬರಿಗಾಗುವಷ್ಟು ಸುಲಿದು ಕೈಯಲ್ಲಿಟ್ಟುಕೊಂಡಿದ್ದೆ. ಅಭ್ಯಾಸ ನೋಡಿ.

ಹ್ಯೂಸ್ಟನ್

ಮುಂದಿನ ವಾರ ರಘು ರಜೆ ಹಾಕಿದ. ಮೊದಲು ಹ್ಯೂಸ್ಟನ್, ಆಮೇಲೆ ಆಸ್ಟಿನ್ ಕಡೆ. ಆಸ್ಟಿನ್ ಹತ್ತಿರದ ಸಣ್ಣ ಮೈದಾನವೊಂದರಲ್ಲಿ ಉದ್ದಪ್ಪ ಆಪರೇಷನ್ ಆದ ಮೇಲೆ ಮೊದಲ ಸಲ ಚೆಂಡು ಎಸೆಯುವವನಿದ್ದ. ದೊಡ್ಡ ತಂಡಕ್ಕೆ ಮರಳುವ ಮೊದಲು ಹೀಗೆ ಕೆಳಗಿನ ಲೀಗಿನಲ್ಲಿ ಕೈ ಪರೀಕ್ಷೆ ಮಾಡಿಸುತ್ತಾರಂತೆ. ಸವಿತಾಳಿಗೆ ರಜೆ ಸಿಗಲಿಲ್ಲ. ಕಾರಿನಲ್ಲಿ ನಾವಿಬ್ಬರೇ. ಇಷ್ಟು ಹೊತ್ತು ಒಂದೇ ಕಾರಿನಲ್ಲಿ ಕೂತರೆ ಎಲ್ಲಿಗೆ ತಪ್ಪಿಸಿಕೊಳ್ಳುತ್ತಾನೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಅವನು ದಾರಿಯುದ್ದಕ್ಕೂ ರೇಡಿಯೋದಲ್ಲಿ ಬೇಸ್‌ಬಾಲ್ ಚರ್ಚೆ ಹಾಕಿಕೊಂಡ. ಯಾರೋ ಊರೂರಿಂದ ಫೋನು ಮಾಡಿ ಅದೇ ಮೊಣಕೈಯ ಬಗ್ಗೆ ಜಗಳವಾಡುತ್ತಿದ್ದರು.

ಹ್ಯೂಸ್ಟನ್ ಸೆಕೆಗೆ ನಮ್ಮ ಮಂಗಳೂರೇ ವಾಸಿ. ಅದಕ್ಕೇ ಅವರು ಇಡೀ ಮೈದಾನಕ್ಕೆ ಚಾವಣಿ ಹಾಕಿ ಏಸಿ ಬಿಟ್ಟಿದ್ದಾರೆ. ನಾನು ಶಾಲು ಹೊದ್ದು ಪಂದ್ಯ ನೋಡಿದೆ. ಒಂದು ಪಕ್ಕದಲ್ಲಿ ಶಿವಾನಂದ, ಇನ್ನೊಂದು ಪಕ್ಕದಲ್ಲಿ ದೊಡ್ಡ ಹ್ಯಾಟಿನ ಒಬ್ಬ ಮುದುಕರು. ಹ್ಯೂಸ್ಟನ್ ತಂಡದ ಪಿಚರ್ ಇನ್ನೂ ಮೀಸೆ ಬಲಿಯದವನು, ಅದ್ಭುತವಾಗಿ ಎಸೆಯುತ್ತಿದ್ದ.

ಅರ್ಧ ಪಂದ್ಯ ದಾಟಿದ ಮೇಲೆ ಒಂದು ವಿಚಿತ್ರ ಗಮನಿಸಿದೆ. ಒಂದು ನಿಮಿಷವೂ ಬಾಯಿ ಮುಚ್ಚದ ಶಿವಾನಂದ ಮೌನಿಯಾಗಿದ್ದ. ರಘು ಇದ್ದಕ್ಕಿದ್ದ ಹಾಗೆ, "ಈ ಸಲ ಅಂಗಡೀಲಿ ಉಪ್ಪಿನಕಾಯಿ ವ್ಯಾಪಾರ ಹೇಗಿದೆ ಸಾರ್?" ಎಂದು ಕೇಳಿದ. "ಛಲೋ ಐತ್ರಿ," ಅಂದ ಶಿವಾನಂದ, ಕಣ್ಣು ಮೈದಾನದ ಮೇಲೇ. ಸುತ್ತಲಿನವರೂ ಅಷ್ಟೇ, ಆಟದ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಿದ್ದರು. ನಾನು ಸ್ಕೋರಿನ ಹಲಗೆ ನೋಡಿದೆ. ಏಳನೆಯ ಇನಿಂಗ್ಸ್ ನಡೀತಾ ಇದೆ, ಎದುರಾಳಿಗಳ ಹಿಟ್‌ಗಳ, ಅಂದರೆ ಫೀಲ್ಡರುಗಳ ಕೈಗೆ ಸಿಗದ ಹೊಡೆತಗಳ, ಜಾಗದಲ್ಲಿ ಇನ್ನೂ ಸೊನ್ನೆ! ಅಲ್ಲಾ, ಇಷ್ಟು ದೊಡ್ಡ ಸಂಗತಿ ಇವರ್ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ! ಅಂಪೈರನ ಕಣ್ಣು ಅಂದರೆ ಸುಮ್ಮನೆಯೇ ಎಂದು ಉಬ್ಬಿಹೋಗಿ, ಹ್ಯಾಟಿನ ಮುದುಕರ ಕಡೆ ತಿರುಗಿ, ನನ್ನ ಬ್ಯಾಂಕಿನ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರಿದೆ: ನೋಡಿದಿರಾ ಸಾರ್, ಈ ಹುಡುಗ ಇದುವರೆಗೆ ಒಂದೇ ಒಂದು ಹಿಟ್ ಕೊಟ್ಟಿಲ್ಲ!

ಮುದುಕರು ನಾನು ಅವರ ಮನೆಗೆ ಬೆಂಕಿ ಇಟ್ಟೆನೇನೋ ಅನ್ನುವ ಹಾಗೆ ನೋಡಿದರು. ಮುಂದಿನ ಸಾಲಿನಲ್ಲಿ ನಾಲ್ಕೈದು ತಲೆಗಳು ಹಿಂದಕ್ಕೆ ತಿರುಗಿದವು. ರಘು ಹಣೆ ಹಿಡಿದುಕೊಂಡ. "ಅಯ್ಯೋ ಅಂಕಲ್ಲರ, ಏನ್ ಮಾಡಿದ್ರಿ!" ಎಂದು ಶಿವಾನಂದ ನರಳಿದ. ಮರು ಎಸೆತಕ್ಕೇ ಚೆಂಡು ಇಬ್ಬರು ಫೀಲ್ಡರುಗಳ ನಡುವೆ ತೊಪ್ಪೆಂದು ಬಿತ್ತು. ಹಲಗೆಯ ಸೊನ್ನೆ ಒಂದಾಯಿತು. ಹ್ಯಾಟಿನವರು ಎದ್ದು ಒಂದೂ ಮಾತಾಡದೆ ಎರಡು ಸಾಲು ಕೆಳಗೆ ಹೋಗಿ ಕೂತರು.

ನನಗೆ ಅಳು ಬರುವುದೊಂದು ಬಾಕಿ. ಪಂದ್ಯ ಮುಗಿಸಿ ಹೊರಗೆ ಬರುವಾಗ ರಘು ನಿಧಾನವಾಗಿ ಹೇಳಿದ. ಇಡೀ ಪಂದ್ಯದಲ್ಲಿ ಒಂದೂ ಹಿಟ್ ಕೊಡದೆ ಮುಗಿಸುವುದು ಅಪರೂಪದಲ್ಲಿ ಅಪರೂಪ. ಅದು ಆಗುತ್ತಿರುವಾಗ ಯಾರೂ ಅದರ ಹೆಸರೆತ್ತಬಾರದು. ಎತ್ತಿದರೆ ಕೆಡುತ್ತದೆ. ಇಡೀ ಮೈದಾನಕ್ಕೆ ಗೊತ್ತಿರುತ್ತದೆ, ಯಾರೂ ಹೇಳುವುದಿಲ್ಲ. ಬೆಂಚಿನಲ್ಲಿ ಆ ಪಿಚರ್ ಪಕ್ಕ ಅವನ ತಂಡದವರೂ ಕೂರುವುದಿಲ್ಲ.

"ಪಾಪ, ಆ ಹುಡುಗ ಒಬ್ಬನೇ ಕೂತಿರಬೇಕಾ?"

"ಹೂಂ ಭಾವ. ಅವನ ಒಳ್ಳೇದಕ್ಕೇ ದೂರ ಕೂರೋದು."

"ಅವನಿಗೆ ಹಾಗನ್ಸುತ್ತೇನೋ?"

ರಘು ಕಾರಿನ ಬೀಗದ ಕೈ ಹುಡುಕತೊಡಗಿದ. ಒಂದು ವರ್ಷದಿಂದ ನನ್ನ ಬೆಂಚಿನಲ್ಲೂ ಯಾರೂ ಕೂತಿಲ್ಲ. ಮೈಸೂರಿನಲ್ಲೂ ಅದೇ ಕಥೆ. ನಾನು ಬಂದ ಕೂಡಲೇ ಗೆಳೆಯರು ತಮ್ಮ ಹೆಂಡತಿಯರ ಮಾತು ನಿಲ್ಲಿಸಿ ರಾಜಕೀಯ ಹಿಡಿಯುತ್ತಾರೆ. ಎಲ್ಲ ನನ್ನ ಒಳ್ಳೆಯದಕ್ಕೇ ಇರಬೇಕು.

ಆಸ್ಟಿನ್ ದಾರಿ

ಮರುದಿನ ಹೆದ್ದಾರಿಯಲ್ಲಿ ನಾನೇ ಕೈ ಚಾಚಿ ರೇಡಿಯೋ ಆರಿಸಿದೆ. ಎರಡೂ ಕಡೆ ಬೋಳು ಬಯಲು, ಅಲ್ಲೊಂದು ಇಲ್ಲೊಂದು ದನ. ಅವೂ ಒಂದಕ್ಕೊಂದು ದೂರದೂರ ನಿಂತಿದ್ದವು.

"ವಿಮಲಾ," ಅಂದೆ. ಹೆಸರಷ್ಟೇ.

ನಾವು ತಿರುಗಬೇಕಾದ ಎಕ್ಸಿಟ್ ಪಕ್ಕದಲ್ಲೇ ಹಾದುಹೋಯಿತು. ಕಾರಿನ ಮ್ಯಾಪಿನ ಹೆಂಗಸು ದಾರಿ ತಪ್ಪಿತು, ದಾರಿ ತಪ್ಪಿತು ಎಂದು ಹಲುಬತೊಡಗಿದಳು.

"ಬೇಡ ಭಾವ. ಪ್ಲೀಸ್. ಡ್ರೈವ್ ಮಾಡ್ತಾ ಇದೀನಿ," ಅಂದ.

ಪಿತ್ತ ನೆತ್ತಿಗೇರಿತು. "ಮಾಡಪ್ಪಾ, ಮಾಡು. ಒಂದು ವರ್ಷದಿಂದ ಅದನ್ನೇ ಮಾಡ್ತಾ ಇದೀಯ," ಅಂದುಬಿಟ್ಟೆ. ಆಮೇಲೆ ಊರು ಮುಟ್ಟುವವರೆಗೂ ಕಾರಿನಲ್ಲಿ ಮಾತಾಡಿದವಳು ಆ ಮ್ಯಾಪಿನವಳೊಬ್ಬಳೇ. ಈ ಬಯಲಿನಲ್ಲೇ ಇಳಿಸಿಬಿಡು, ನಡೆದುಕೊಂಡು ಮೈಸೂರಿಗೆ ಹೋಗುತ್ತೇನೆ ಅನ್ನುವಷ್ಟು ಬೇಜಾರಾಗಿತ್ತು ನನಗೆ.

ಸೀಡರ್ ಪಾರ್ಕ್

ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ರಘುವಿನ ಸಹೋದ್ಯೋಗಿಯ ಮನೆ. ಅವರು ರಜೆಗೆ ಬೆಂಗಳೂರಿಗೆ ಹೋಗಿದ್ದರು, ಬೀಗದ ಕೈ ಇವನಿಗೆ ಕೊಟ್ಟಿದ್ದರು. ಬೇರೆಯವರ ಖಾಲಿ ಮನೆಯಲ್ಲಿ ಮುನಿಸಿಕೊಂಡ ಇಬ್ಬರು ಗಂಡಸರು ಹೇಗಿರುತ್ತಾರೆ? ನಾನು ಈ ಕೋಣೆಗೆ ಬಂದರೆ ಅವನು ಆ ಕೋಣೆಗೆ. ಮಧ್ಯಾಹ್ನ ಅವನೇ ಅನ್ನ ಸಾರು ಮಾಡಿ ಬಡಿಸಿದ. ಉಪ್ಪು ಹಾಕಲು ಮರೆತಿದ್ದ. ನಾನು ಹೇಳಲಿಲ್ಲ. ಅದನ್ನೇ ಉಂಡ ಅವನೂ ಹೇಳಲಿಲ್ಲ.

ಬಿಸಿಲು ಇಳಿಯುವಾಗ ಮೈದಾನಕ್ಕೆ ಹೋದೆವು. ಸಣ್ಣ ಮೈದಾನ, ನನಗೆ ಹಿಡಿಸಿತು. ಒಂದು ಬದಿಯಲ್ಲಿ ಕುರ್ಚಿಗಳೇ ಇಲ್ಲ, ಹುಲ್ಲಿನ ಇಳಿಜಾರು ದಿಬ್ಬ. ಸಂಸಾರಗಳು ದುಪ್ಪಟಿ ಹಾಸಿಕೊಂಡು ಕೂತಿದ್ದವು. ನಾವೂ ಒಂದು ಹಾಸಿಕೊಂಡೆವು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಆ ತುದಿಗೆ ಅವನು, ಈ ತುದಿಗೆ ನಾನು.

ಉದ್ದಪ್ಪ ಬಂದ. ಟಿವಿಯಲ್ಲಿ ಕಂಡದ್ದಕ್ಕಿಂತ ಬಡಕಲಾಗಿದ್ದ. ಮೊಣಕೈಯ ಒಳಬದಿಯ ಹೊಲಿಗೆಯ ಗೆರೆ ಅಷ್ಟು ದೂರಕ್ಕೆ ಕಾಣುವಂತಿರಲಿಲ್ಲ, ಆದರೆ ದಿಬ್ಬದ ಮೇಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು. ಮೊದಲ ಎಸೆತ ಅಡ್ಡಾದಿಡ್ಡಿ ಹೋಯಿತು. ಎರಡನೆಯದೂ ಹಾಗೇ. ಒಬ್ಬರೂ ಕೂಗಲಿಲ್ಲ, ಬೈಯಲಿಲ್ಲ. ಮೂರನೆಯದು ಕೀಪರನ ಕೈಗವಸಿಗೆ ಪಟ್ಟೆಂದು ಬಡಿಯಿತು. ಜನ ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಬಲಗೈ ಈ ಸಲ ಸುಮ್ಮನಿತ್ತು. ಪಾಪದವನು, ಹೇಗಾದರೂ ಎಸೆಯಲಿ ಅನ್ನಿಸಿತು.

"ಭಾವ," ಅಂದ ರಘು. ಕಣ್ಣು ಉದ್ದಪ್ಪನ ಮೇಲೇ ಇತ್ತು.

"ಏನೋ?"

"ಅಕ್ಕ ಕೊನೇಲಿ ನನ್ನ ಕೇಳಿದ್ಲಾ?"

ಇದಕ್ಕಾಗಿಯೇ ಸಮುದ್ರ ದಾಟಿ ಬಂದವನು ನಾನು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವನ ಕಡೆ ತಿರುಗಿ ನೋಡಿದೆ. ಕಪಾಳಕ್ಕೆ ಏಟು ಬೀಳುವುದು ಗೊತ್ತಿದ್ದು ಕೆನ್ನೆ ಒಡ್ಡಿ ನಿಂತವನ ಹಾಗೆ ಕೂತಿದ್ದ. ಒಂದು ವರ್ಷದ ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ. ಇವನನ್ನು ನೋಯಿಸಿ ನನಗೇನು ಸಿಗಬೇಕಾಗಿದೆ, ಅವಳಾದರೂ ಮೆಚ್ಚುತ್ತಾಳೆಯೇ ಅನ್ನಿಸಿತು.

"ಇಲ್ಲಪ್ಪ," ಅಂದೆ. "ಅವಳಿಗೆ ಅಷ್ಟು ಎಚ್ಚರ ಇರಲಿಲ್ಲ. ಯಾರನ್ನೂ ಕೇಳಲಿಲ್ಲ. ನೀನು ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ."

ಹಗುರಾಗುತ್ತಾನೆ ಅಂದುಕೊಂಡಿದ್ದೆ. ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಹುಲ್ಲು ಕಿತ್ತ. ಆಮೇಲೆ ಸಣ್ಣ ಹುಡುಗನ ದನಿಯಲ್ಲಿ ಕೇಳಿದ:

"ಒಂದ್ಸಲಾನೂ ಇಲ್ವಾ?"

ಅಯ್ಯೋ ದೇವರೇ ಎಂದಿತು ಮನಸ್ಸು. ಅವನು ಹೆದರಿದ್ದು ನಾನಂದುಕೊಂಡ ಉತ್ತರಕ್ಕಲ್ಲ. ಅಕ್ಕ ತನ್ನನ್ನು ಮರೆತೇ ಹೋದಳೇನೋ ಎಂದು ಒಂದು ವರ್ಷ ಬಾಯಿ ಬಿಗಿಹಿಡಿದು ಕೂತಿದ್ದ. ನಾನು ಈಗ ಅದೇ ನಿಜ ಎಂದು ಹೇಳಿಬಿಟ್ಟಿದ್ದೆ. ನಡುವಿನ ಜಾಗ ದಾಟಿ ಅವನ ಪಕ್ಕಕ್ಕೆ ಸರಿದು ಕೂತೆ.

"ಸುಳ್ಳು ಹೇಳ್ದೆ ಕಣೋ. ಕೇಳಿದ್ಲು. ದಿನಾ ಕೇಳಿದ್ಲು. ಗೇಟು ಕಿರ್ ಅಂದ್ರೆ ಸಾಕು, ನನ್ನ ಎಬ್ಬಿಸಿ ಬಾಗ್ಲಿಗೆ ಕಳಿಸೋಳು. ಪೇಪರಿನವನು ಬಂದ್ರೂ ನೀನೇ, ಹಾಲಿನವನು ಬಂದ್ರೂ ನೀನೇ. ಅವನಲ್ಲ ಕಣೆ ಅಂದ್ರೆ, ಮುಂದಿನ ಸಲ ಅವನೇ ಇರ್ತಾನೆ ಬಿಡಿ ಅನ್ನೋಳು. ಬೇಜಾರೇ ಇರಲಿಲ್ಲ ಅವಳಿಗೆ."

ರಘು ಮೊಣಕಾಲಿನೊಳಗೆ ಮುಖ ಹುದುಗಿಸಿದ. ಅವನ ಬೆನ್ನು ಅದುರುತ್ತಿತ್ತು. ನಾನೂ ಅತ್ತೆ. ಅವಳು ಹೋದ ಮೇಲೆ ಇನ್ನೊಬ್ಬರ ಜೊತೆ ಕೂತು ಅತ್ತದ್ದು ಅದೇ ಮೊದಲು. ಅಷ್ಟರಲ್ಲಿ ಉದ್ದಪ್ಪ ತನ್ನ ಪಾಲು ಮುಗಿಸಿ ಕೈ ಜಾಡಿಸುತ್ತಾ ಹೊರಟ. ನೋವಿದ್ದ ಹಾಗೆ ಕಾಣಲಿಲ್ಲ. ದಿಬ್ಬದ ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂತಿದ್ದವರು ನಾವಿಬ್ಬರೇ. ಯಾರೂ ನಮ್ಮ ಕಡೆ ನೋಡಲಿಲ್ಲ.

ಸದ್ದು ಅಡಗಿದ ಮೇಲೆ ರಘು ತಲೆಯೆತ್ತಿದ. ಕೆನ್ನೆಯ ಮೇಲೆ ಹುಲ್ಲಿನ ಎಸಳು ಅಂಟಿತ್ತು.

"ಹೇಗೆ ಅನ್ನೋಳು ಭಾವ? ಅವಳು ಅಂದ ಹಾಗೇ ಹೇಳಿ."

ಅವಳು ಅಂದ ಹಾಗೇ, ಅಷ್ಟೇ ಮೆಲ್ಲಗೆ ಹೇಳಿದೆ.

"ರೀ, ರಘು ಬಂದ ಅನ್ಸುತ್ತೆ. ಸ್ವಲ್ಪ ಎದ್ದು ನೋಡಿ."